ಪಿಯಾನೊ ಟ್ರಯೋದಿಂದ ಒಬ್ಬರು ಹೊರಟುಹೋದ ಮೇಲೆ ಉಳಿಯುವುದು ಅದೇ ಟ್ರಯೋ ಹೌದೇ?

ಪ್ರಶ್ನೆ

ನಾನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಿಯಾನೊ ವಾದಕಿ. ಜೊತೆಯಲ್ಲಿ ಓದಿದ ಒಬ್ಬ ವಯಲಿನ್ ವಾದಕ, ಒಬ್ಬ ಚೆಲ್ಲೊ ವಾದಕಿ ಮತ್ತು ನಾನು ಸೇರಿ ಪಿಯಾನೊ ಟ್ರಯೋ ಕಟ್ಟಿಕೊಂಡು ನಾಲ್ಕು ವರ್ಷವಾಯಿತು. ಈ ಮೂರು ವಾದ್ಯಗಳಿಗೆ ಬರೆದ ಕೃತಿಗೂ ಟ್ರಯೋ ಎಂದೇ ಹೆಸರು; ಹೈಡನ್‌ನ ಐದಾರು ಟ್ರಯೋಗಳು, ಬೀಥೋವನ್‌ನ ಓಪಸ್ (ಕೃತಿಸಂಖ್ಯೆ) 1ರ ಮೂರೂ ಕೃತಿಗಳು, ಬ್ರಾಮ್ಸ್‌ನ ಓಪಸ್ 8, ಡ್ವೊರಾಕ್‌ನ ‘ಡುಮ್ಕಿ’, ಶೊಸ್ತಕೊವಿಚ್‌ನ ಎರಡನೆಯ ಟ್ರಯೋ ನಮ್ಮ ಕೈಗೆ ಕೂತಿವೆ. ಈಗ ವಯಲಿನ್ ವಾದಕನಿಗೆ ಆರ್ಕೆಸ್ಟ್ರಾ ಒಂದರಲ್ಲಿ ಕಾಯಂ ಕೆಲಸ ಸಿಕ್ಕಿದೆ. ಅವನು ಹೋಗುವುದೇ ಸರಿ; ಅವನ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಆದರೆ ಉಳಿದ ನಾವಿಬ್ಬರು ಏನು ಮಾಡಬೇಕೆಂಬುದು ಎರಡು ವಾರದಿಂದ ನಮ್ಮನ್ನು ಕಾಡುತ್ತಿದೆ. ಇನ್ನೊಬ್ಬರನ್ನು ಕರೆದುಕೊಂಡು ಅದೇ ಹೆಸರಿನಲ್ಲಿ ಮುಂದುವರಿದರೆ ಅದು ಅದೇ ಟ್ರಯೋ ಎನ್ನಿಸಿಕೊಳ್ಳುತ್ತದೆಯೇ, ಅಥವಾ ಆ ಹೆಸರನ್ನು ಅಲ್ಲಿಗೇ ಬಿಟ್ಟು ಹೊಸದಾಗಿ ಆರಂಭಿಸುವುದು ಪ್ರಾಮಾಣಿಕವೇ?

ಇದರೊಳಗೆ ಇನ್ನೊಂದು ದೊಡ್ಡ ಪ್ರಶ್ನೆಯೂ ಇದೆ. ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯಲಿನ್, ವಿಯೋಲ, ಚೆಲ್ಲೊಗಳ ನಾಲ್ವರ ಕೂಟ) ಒಂದನ್ನೇ ಜೀವನದ ಕಸುಬಾಗಿ ಮಾಡಿಕೊಂಡವರು ಬಹಳ ಮಂದಿ ಇದ್ದಾರೆ. ಪಿಯಾನೊ ಟ್ರಯೋವನ್ನು ಹಾಗೆ ಮಾಡಿಕೊಂಡವರು ಏಕೆ ಇಷ್ಟು ಕಡಿಮೆ? ಬೋಜಾರ್ ಟ್ರಯೋ 1955ರಿಂದ 2008ರವರೆಗೆ 53 ವರ್ಷ ನಡೆಯಿತು. ನಡುವೆ ವಯಲಿನ್ ವಾದಕರೂ ಚೆಲ್ಲೊ ವಾದಕರೂ ಬದಲಾದರು ಎಂಬಷ್ಟು ಗೊತ್ತು. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನಾನು ಚೆಲ್ಲೊ ನುಡಿಸಿದವನು. ಎರಡು ಟ್ರಯೋಗಳಲ್ಲಿ ಒಟ್ಟು ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಎರಡರಲ್ಲೂ ನಡುದಾರಿಯಲ್ಲಿ ಜನ ಬದಲಾದದ್ದನ್ನು ಕಂಡಿದ್ದೇನೆ. ಆದ್ದರಿಂದ ನಿಮ್ಮ ಪ್ರಶ್ನೆ ನನಗೆ ಹೊರಗಿನದಲ್ಲ.

ಮೊದಲು ಬೋಜಾರ್ ಕಥೆ. 1955ರ ಜುಲೈ 13ರಂದು, ಅಮೆರಿಕದ ಟ್ಯಾಂಗಲ್‌ವುಡ್‌ನ ಬರ್ಕ್‌ಷೈರ್ ಉತ್ಸವದಲ್ಲಿ ಆ ಮೂವರು ಮೊದಲ ಬಾರಿ ಜನರೆದುರು ನುಡಿಸಿದರು. ವಯಲಿನ್‌ನಲ್ಲಿ ಡೇನಿಯಲ್ ಗಿಲೆ, ಚೆಲ್ಲೊದಲ್ಲಿ ಬರ್ನಾರ್ಡ್ ಗ್ರೀನ್‌ಹೌಸ್, ಪಿಯಾನೊದಲ್ಲಿ ಮೆನಾಹೆಮ್ ಪ್ರೆಸ್ಲರ್. ಗಿಲೆಗೆ ಆಗ 56 ವರ್ಷ. ಯುರೋಪಿನಲ್ಲಿ ಕ್ಯಾಲ್ವೆ ಕ್ವಾರ್ಟೆಟ್‌ನಲ್ಲಿ ನುಡಿಸಿ, ಆಮೇಲೆ ಟೊಸ್ಕನೀನಿಯ ಎನ್‌ಬಿಸಿ ಸಿಂಫನಿ ಆರ್ಕೆಸ್ಟ್ರಾದಲ್ಲಿ ಮೊದಲ ಕುರ್ಚಿಯಲ್ಲಿ ಕೂತವರು. ಪಾಬ್ಲೊ ಕಸಾಲ್ಸ್ ಅವರ ಶಿಷ್ಯರಾದ ಗ್ರೀನ್‌ಹೌಸ್‌ಗೆ 39. ಪ್ರೆಸ್ಲರ್‌ಗೆ 31. ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ ಹುಟ್ಟಿ, 1939ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಪ್ಯಾಲೆಸ್ಟೈನ್ ಸೇರಿ, 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡೆಬ್ಯುಸಿ ಸ್ಪರ್ಧೆ ಗೆದ್ದು ಹೆಸರು ಮಾಡಿದ ತರುಣ ಅವರು. ಅಂದರೆ ಕೂಟದಲ್ಲಿ ಕಿರಿಯರಾಗಿದ್ದವರು ಪಿಯಾನೊ ವಾದಕರು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1968ರಲ್ಲಿ ಗಿಲೆ ಬಿಟ್ಟರು. ಜೂಲಿಯಾರ್ಡ್ ಕ್ವಾರ್ಟೆಟ್‌ನಲ್ಲಿದ್ದ ಇಸಿಡೋರ್ ಕೊಹೆನ್ ಬಂದು 1992ರವರೆಗೆ ಉಳಿದರು. ಗ್ರೀನ್‌ಹೌಸ್ 32 ವರ್ಷ ನುಡಿಸಿ 1987ರಲ್ಲಿ ನಿವೃತ್ತರಾದಾಗ ಪೀಟರ್ ವೈಲಿ ಬಂದರು. ಕೊಹೆನ್ ನಂತರ ಐಡಾ ಕವಾಫಿಯನ್. 1998ರಲ್ಲಿ ವಯಲಿನ್, ಚೆಲ್ಲೊ ಎರಡೂ ಒಮ್ಮೆಗೇ ಬದಲಾಗಿ ಯಂಗ್ ಉಕ್ ಕಿಮ್ ಮತ್ತು ಆಂತೋನಿಯೊ ಮೆನೆಜಿಸ್ ಸೇರಿದರು. 2002ರಲ್ಲಿ ಕಿಮ್ ಜಾಗಕ್ಕೆ ಡೇನಿಯಲ್ ಹೋಪ್ ಬಂದರು. ಅವರು ಪ್ರೆಸ್ಲರ್‌ಗಿಂತ ಸುಮಾರು ಐವತ್ತು ವರ್ಷ ಕಿರಿಯರು. ಲೆಕ್ಕ ಹಾಕಿದರೆ ಒಬ್ಬ ಪಿಯಾನೊ ವಾದಕ, ಐವರು ವಯಲಿನ್ ವಾದಕರು, ಮೂವರು ಚೆಲ್ಲೊ ವಾದಕರು. ಕೂಟದಲ್ಲಿ ಕಿರಿಯರಾಗಿ ಕೂತವರು ಕೊನೆಗೆ ಎಲ್ಲರಿಗಿಂತ ಹಿರಿಯರಾಗಿ ಎದ್ದರು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಹೊಸಬರು ಬಂದಾಗ ಖಾಲಿಯಾದ ಕುರ್ಚಿ ತುಂಬಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಟ್ರಯೋದಲ್ಲಿ ಅಂಥ ಖಾಲಿ ಕುರ್ಚಿ ಎಂಬುದೇ ಇಲ್ಲ. ಕ್ವಾರ್ಟೆಟ್‌ನಲ್ಲಿ ಎರಡನೆಯ ವಯಲಿನ್ ಬದಲಾದರೆ ಉಳಿದ ಮೂವರ ನಾದ ಹೊಸಬರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಏಕೆಂದರೆ ನಾಲ್ಕೂ ಒಂದೇ ಕುಲದ ವಾದ್ಯಗಳು. ಟ್ರಯೋದಲ್ಲಿ ತಂತಿವಾದ್ಯಗಳು ಎರಡೇ. ಒಂದು ಬದಲಾದರೆ ಆ ಎರಡರ ನಡುವಿನ ಬಂಧ ಪೂರ್ತಿ ಹೊಸದು. ರಾವೆಲ್ 1914ರಲ್ಲಿ ಬರೆದ ಟ್ರಯೋದಲ್ಲಿ ವಯಲಿನ್ ಮತ್ತು ಚೆಲ್ಲೊ ಎಷ್ಟೋ ಕಡೆ ಒಂದೇ ರಾಗವನ್ನು ಎರಡು ಸ್ಥಾಯಿಗಳ ಅಂತರದಲ್ಲಿ ಹಿಡಿದು ಸಾಗುತ್ತವೆ, ಪಿಯಾನೊ ಆ ನಡುವಿನ ಬಯಲಿನಲ್ಲಿ ಸಂಚರಿಸುತ್ತದೆ. ಅಲ್ಲಿ ನನ್ನ ಕಮಾನಿನ ವೇಗವೂ ವಯಲಿನ್‌ನವರ ಕಮಾನಿನ ವೇಗವೂ ಕೂದಲೆಳೆಯಷ್ಟು ಬೇರೆಯಾದರೂ ಆ ಬಯಲು ಬಿರುಕು ಬಿಡುತ್ತದೆ. ಹೊಸ ವಯಲಿನ್ ವಾದಕಿಯೊಬ್ಬರು ನಮ್ಮ ಕೂಟಕ್ಕೆ ಬಂದಾಗ ಆ ಒಂದು ಪುಟವನ್ನು ಸರಿಮಾಡಲು ನಾವು ಎರಡು ತಿಂಗಳು ತೆಗೆದುಕೊಂಡೆವು. ಸರಿಹೋದದ್ದು ಅವರು ನನ್ನಂತೆ ನುಡಿಸಲು ಕಲಿತಾಗ ಅಲ್ಲ, ನಾನು ಹನ್ನೊಂದು ವರ್ಷದ ಅಭ್ಯಾಸವನ್ನು ಬಿಟ್ಟು ಕಮಾನನ್ನು ಇನ್ನೂ ನಿಧಾನವಾಗಿ ಎಳೆಯಲು ಒಪ್ಪಿಕೊಂಡಾಗ. ಉಳಿದವರು ಬದಲಾಗಲು ಸಿದ್ಧರಿದ್ದರೆ ಟ್ರಯೋ ಮುಂದುವರಿಯುತ್ತದೆ. ಹೊಸಬರು ಮಾತ್ರ ಬದಲಾಗಲಿ ಎಂದುಕೊಂಡರೆ, ಹೆಸರು ಎಷ್ಟೇ ಹಳೆಯದಾಗಿದ್ದರೂ ಅದು ನಡೆಯುವುದಿಲ್ಲ.

ಬೋಜಾರ್ ಧ್ವನಿಮುದ್ರಿಕೆಗಳಲ್ಲಿ ಇದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಬೀಥೋವನ್‌ನ ಟ್ರಯೋಗಳನ್ನು ಅವರು 1960ರ ದಶಕದಲ್ಲಿ ಗಿಲೆ ಜೊತೆಗೆ ಒಮ್ಮೆ, 1980ರ ಆಸುಪಾಸಿನಲ್ಲಿ ಕೊಹೆನ್ ಜೊತೆಗೆ ಇನ್ನೊಮ್ಮೆ ಮುದ್ರಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ. ವಯಲಿನ್ ಅನ್ನು ಬಿಟ್ಟುಬಿಡಿ, ಪ್ರೆಸ್ಲರ್ ಅವರ ಬಲಗೈಯನ್ನಷ್ಟೇ ಹಿಂಬಾಲಿಸಿ. ಗಿಲೆ ಅವರ ನುಡಿತ ತೆಳು, ಚುರುಕು, ಮಾತಿನ ಲಯದ್ದು. ಅಲ್ಲಿ ಪಿಯಾನೊ ಕೂಡ ಮಾತಾಡುವಂತೆ ಹಗುರಾಗಿ ನಡೆಯುತ್ತದೆ. ಕೊಹೆನ್ ಅವರ ನಾದ ದುಂಡಗೆ, ಬೆಚ್ಚಗೆ ಇದೆ. ಅಲ್ಲಿ ಅದೇ ಪಿಯಾನೊ ವಾದಕರ ವಾಕ್ಯಗಳು ಉದ್ದವಾಗಿವೆ, ಉಸಿರು ಬೇರೆಯಾಗಿದೆ.

ಎರಡನೆಯ ಉತ್ತರ

ಮೇಲಿನವರು ಬರೆದದ್ದನ್ನು ಗೌರವದಿಂದಲೇ ಓದಿದೆ, ಆದರೆ ನನ್ನ ಅಭಿಪ್ರಾಯ ಬೇರೆ. ಬೋಜಾರ್ ಹೆಸರಿನಲ್ಲಿ ನಡೆದದ್ದು ಒಂದು ಟ್ರಯೋದ 53 ವರ್ಷಗಳಲ್ಲ, ಪ್ರೆಸ್ಲರ್ ಅವರ ಬಾಳಿನ 53 ವರ್ಷಗಳು. ಇದನ್ನು ಅವರನ್ನು ಕಡಿಮೆ ಮಾಡಲು ಹೇಳುತ್ತಿಲ್ಲ. ಅಂಥ ನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೂ ಮೂವರ ಕಲೆ ಮೂವರದ್ದು ಎಂದು ನಾನು ನಂಬುತ್ತೇನೆ. ಮೂವರಲ್ಲಿ ಒಬ್ಬರು ಎದ್ದಾಗ ಆ ಕಥೆ ಮುಗಿಯಿತು ಎಂದು ಒಪ್ಪಿಕೊಳ್ಳುವುದರಲ್ಲಿ ಒಂದು ಘನತೆಯಿದೆ.

ಕೊರ್ಟೊ, ಥಿಬೊ, ಕಸಾಲ್ಸ್ ಅವರ ಟ್ರಯೋ ನೋಡಿ. ಆಲ್ಫ್ರೆಡ್ ಕೊರ್ಟೊ, ಜಾಕ್ ಥಿಬೊ, ಪಾಬ್ಲೊ ಕಸಾಲ್ಸ್ ಮೂವರೂ ಬೇರೆಬೇರೆಯಾಗಿಯೇ ಜಗತ್ತಿನ ದೊಡ್ಡ ಹೆಸರುಗಳು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ವರ್ಷಕ್ಕೆ ಒಂದಿಷ್ಟು ವಾರ ಒಟ್ಟಿಗೆ ಸೇರಿ ನುಡಿಸಿದರು. 1926ರಿಂದ 1928ರ ನಡುವೆ ಮುದ್ರಿಸಿದ ಶೂಬರ್ಟ್‌ನ ಬಿ ಫ್ಲಾಟ್ ಟ್ರಯೋ, ಬೀಥೋವನ್‌ನ ‘ಆರ್ಚ್‌ಡ್ಯೂಕ್’, ಮೆಂಡೆಲ್ಸನ್ ಮತ್ತು ಶೂಮನ್‌ನ ಡಿ ಮೈನರ್ ಟ್ರಯೋಗಳು ಇವತ್ತಿಗೂ ಕೇಳುಗರ ಎದೆಯಲ್ಲಿವೆ. ಅದರಲ್ಲಿ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಕೂರಿಸುವ ಮಾತೇ ಬರಲಿಲ್ಲ. ಯುಜೀನ್ ಇಸ್ಟೊಮಿನ್, ಐಸಾಕ್ ಸ್ಟರ್ನ್, ಲಿಯೊನಾರ್ಡ್ ರೋಸ್ ಅವರ ಕೂಟ 1984ರಲ್ಲಿ ರೋಸ್ ತೀರಿಕೊಂಡಾಗ ಮುಗಿಯಿತು. ಲೆವ್ ಒಬೊರಿನ್, ಡೇವಿಡ್ ಓಯ್‌ಸ್ತ್ರಾಖ್ ಜೊತೆ ನುಡಿಸುತ್ತಿದ್ದ ಚೆಲ್ಲೊ ವಾದಕ ಕ್ನುಶೆವಿಟ್ಸ್ಕಿ 1963ರಲ್ಲಿ ತೀರಿಕೊಂಡರು, ಅಲ್ಲಿಗೆ ಆ ಟ್ರಯೋ ನಿಂತಿತು. ಕಾಲಿಕ್‌ಸ್ಟೈನ್, ಲರೇಡೊ, ರಾಬಿನ್ಸನ್ ಅವರು 1977ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್ ಅವರ ಪದಗ್ರಹಣದ ಸಂದರ್ಭದಲ್ಲಿ ಶ್ವೇತಭವನದಲ್ಲಿ ನುಡಿಸಿ ಆರಂಭಿಸಿದವರು. 2022ರಲ್ಲಿ ಕಾಲಿಕ್‌ಸ್ಟೈನ್ ತೀರಿಕೊಳ್ಳುವವರೆಗೆ ಅದೇ ಮೂವರು. ಇವೆಲ್ಲ ವಾದಕರ ಹೆಸರನ್ನೇ ಹೊತ್ತು ನಡೆದ ಕೂಟಗಳು ಎಂಬುದನ್ನು ಗಮನಿಸಿ. ಹೆಸರಿನಲ್ಲಿಯೇ ಆಯುಷ್ಯ ಬರೆದಿರುತ್ತದೆ.

ಹೆಸರು ಬೇರೆಯಿದ್ದೂ ತಾವಾಗಿಯೇ ನಿಲ್ಲಿಸಿದವರು ಫ್ಲೊರೆಸ್ಟಾನ್ ಟ್ರಯೋದವರು. ಸೂಸನ್ ಟೋಮ್ಸ್, ಆಂಥೊನಿ ಮಾರ್‌ವುಡ್, ರಿಚರ್ಡ್ ಲೆಸ್ಟರ್ 1995ರಲ್ಲಿ ಆರಂಭಿಸಿ 2012ರಲ್ಲಿ ಮುಗಿಸಿದರು. ಹದಿನೇಳು ವರ್ಷ, ಅದೇ ಮೂವರು. ಅವರ ಶೂಬರ್ಟ್ ಕೇಳಿದಾಗಲೆಲ್ಲ, ಮುಗಿಸಲು ಗೊತ್ತಿದ್ದವರು ನುಡಿಸಿದ ಸಂಗೀತ ಇದು ಎನ್ನಿಸುತ್ತದೆ. ನಿಮ್ಮ ನಾಲ್ಕು ವರ್ಷವನ್ನು ಹಾಗೆಯೇ ಇರಲು ಬಿಡಿ ಎಂದು ನಾನು ಹೇಳುತ್ತೇನೆ. ಹೊಸಬರೊಂದಿಗೆ ಹೊಸ ಹೆಸರು ಇಟ್ಟುಕೊಳ್ಳಿ. ಇಲ್ಲದಿದ್ದರೆ ಬಂದವರು ಪ್ರತಿ ಕಛೇರಿಯಲ್ಲೂ ಹೋದವರ ನೆರಳಿನಲ್ಲಿ ಕೂರಬೇಕಾಗುತ್ತದೆ, ಮತ್ತು ಅದು ಅವರಿಗೆ ಮಾಡುವ ಅನ್ಯಾಯ.

ಮೂರನೆಯ ಉತ್ತರ

ನಾನು ವೃತ್ತಿಯಿಂದ ವಾದಕನಲ್ಲ. ಪಿಯಾನೊದ ಸ್ವರಲಿಪಿ ಓದಬಲ್ಲೆ, ಹಲವು ವರ್ಷ ಕಛೇರಿಗಳಲ್ಲಿ ಪಿಯಾನೊ ವಾದಕರ ಪಕ್ಕದಲ್ಲಿ ಕೂತು ಪುಟ ತಿರುವಿದ್ದೇನೆ. ಆ ಸ್ಟೂಲಿನಿಂದ ಕಾಣುವುದು ಸಭೆಯಿಂದ ಕಾಣುವುದಿಲ್ಲ, ಆದ್ದರಿಂದ ಪ್ರಶ್ನೆಯ ಎರಡನೆಯ ಭಾಗಕ್ಕೆ, ಅಂದರೆ ಟ್ರಯೋ ವೃತ್ತಿಯಾಗುವುದು ಏಕೆ ಕಷ್ಟ ಎಂಬುದಕ್ಕೆ, ನನಗೆ ತಿಳಿದದ್ದನ್ನು ಹೇಳುತ್ತೇನೆ.

ವಯಲಿನ್ ವಾದಕರೂ ಚೆಲ್ಲೊ ವಾದಕರೂ ತಮ್ಮ ವಾದ್ಯವನ್ನು ಹೊತ್ತು ತರುತ್ತಾರೆ. ಗ್ರೀನ್‌ಹೌಸ್ ಅವರ ಚೆಲ್ಲೊ 1707ರ ಸ್ಟ್ರಾಡಿವೇರಿಯಸ್; ಅದರ ಪ್ರತಿ ಸ್ವರದ ಗುಣವೂ ಅವರಿಗೆ ಕೈರೇಖೆಯಷ್ಟು ಪರಿಚಿತವಾಗಿದ್ದಿರಬೇಕು. ಪಿಯಾನೊ ವಾದಕರಿಗೆ ಮಾತ್ರ ಪ್ರತಿ ಊರಿನಲ್ಲೂ ಅಪರಿಚಿತ ವಾದ್ಯ. ಮಧ್ಯಾಹ್ನ ಬಂದು ಒಂದೆರಡು ಗಂಟೆಯೊಳಗೆ ಅದರೊಂದಿಗೆ ಒಪ್ಪಂದಕ್ಕೆ ಬರಬೇಕು. ಒಮ್ಮೆ ನಾನು ಪುಟ ತಿರುವಿದ ಕಛೇರಿಯಲ್ಲಿ ಪಿಯಾನೊದ ಮಂದ್ರ ಸ್ವರಗಳು ಗುಡುಗಿನಂತೆ ಹಬ್ಬುತ್ತಿದ್ದವು. ಪಿಯಾನೊ ವಾದಕರು ಸಂಜೆಯವರೆಗೆ ಮುಚ್ಚಳದ ಎತ್ತರವನ್ನು ಬದಲಿಸಿ ನೋಡಿದರು, ಚೆಲ್ಲೊ ಕುರ್ಚಿಯನ್ನು ಎರಡು ಗೇಣು ಮುಂದಕ್ಕೆ ಸರಿಸಿದರು, ಕೊನೆಗೆ ಮುಚ್ಚಳವನ್ನು ಪೂರ್ತಿ ತೆರೆದೇ ಇಟ್ಟು ಎಡಗೈಯನ್ನು ಇಡೀ ರಾತ್ರಿ ಅರ್ಧ ತೂಕದಲ್ಲಿ ನುಡಿಸಿದರು. ಮುಚ್ಚಿದರೆ ಸದ್ದು ತಗ್ಗುವುದಿಲ್ಲ, ಮಂಕಾಗುತ್ತದೆ ಅಷ್ಟೇ ಎಂದು ಅವರು ವಿವರಿಸಿದ್ದು ನನಗೆ ಇನ್ನೂ ನೆನಪಿದೆ. ಕ್ವಾರ್ಟೆಟ್‌ನವರು ನಾಲ್ಕು ಕುರ್ಚಿಯಿದ್ದಲ್ಲಿ ನುಡಿಸಬಲ್ಲರು. ಟ್ರಯೋಗೆ ಒಳ್ಳೆಯ ಪಿಯಾನೊ ಇರುವ ಸಭಾಂಗಣವೇ ಬೇಕು. ಕಛೇರಿಗಳ ಸಂಖ್ಯೆ ಅಲ್ಲಿಗೇ ಕುಗ್ಗಿತು.

ಇನ್ನು ಕೃತಿಗಳ ಭಂಡಾರ. ಟ್ರಯೋದ ಭಂಡಾರ ಶ್ರೀಮಂತವಾದದ್ದೇ: ಹೈಡನ್‌ನವು ನಲವತ್ತಕ್ಕೂ ಹೆಚ್ಚು, ಮೊಜಾರ್ಟ್‌ನ ಆರು, ಶೂಬರ್ಟ್‌ನ ಎರಡು ಮಹಾಕೃತಿಗಳು, ಬ್ರಾಮ್ಸ್‌ನ ಮೂರು, ಕ್ಲಾರಾ ಶೂಮನ್ 1846ರಲ್ಲಿ ಬರೆದ ಜಿ ಮೈನರ್, ಚೈಕೊವ್‌ಸ್ಕಿ ತನ್ನ ಗೆಳೆಯ ನಿಕೊಲಾಯ್ ರೂಬಿನ್‌ಸ್ಟೈನ್ ನೆನಪಿಗೆ ಬರೆದ ಎ ಮೈನರ್. ಆದರೆ ಕ್ವಾರ್ಟೆಟ್‌ಗೆ ಬೀಥೋವನ್ ಹದಿನಾರು ಬರೆದ, ಶೊಸ್ತಕೊವಿಚ್ ಹದಿನೈದು ಬರೆದ. ಅದೇ ಶೊಸ್ತಕೊವಿಚ್ ಪಿಯಾನೊ ಟ್ರಯೋ ಬರೆದದ್ದು ಎರಡೇ. ಬಾರ್ಟೊಕ್ ಆರು ಕ್ವಾರ್ಟೆಟ್ ಬರೆದು ಪಿಯಾನೊ ಟ್ರಯೋದ ಕಡೆ ಪ್ರೌಢ ವಯಸ್ಸಿನಲ್ಲಿ ತಿರುಗಿಯೂ ನೋಡಲಿಲ್ಲ. ಜೊತೆಗೆ ಟ್ರಯೋದ ಕೃತಿಗಳನ್ನು ದೊಡ್ಡ ಒಂಟಿ ಕಲಾವಿದರು ಮೂವರು ಒಂದು ವಾರ ಕೂಡಿ ಅಭ್ಯಾಸ ಮಾಡಿ ನುಡಿಸಿಬಿಡುತ್ತಾರೆ, ಸಭೆ ತುಂಬುತ್ತದೆ. ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೈನ್, ಹೈಫೆಟ್ಸ್, ಪ್ಯಾಟಿಗೋರ್ಸ್ಕಿ ಒಟ್ಟಿಗೆ ನುಡಿಸಿದಾಗ ಪತ್ರಿಕೆಗಳು ಅದನ್ನು ಹತ್ತು ಲಕ್ಷ ಡಾಲರಿನ ಟ್ರಯೋ ಎಂದು ಕರೆದವು. ಅಂಥವರು ಸೇರಿ ನುಡಿಸುವ ಪದ್ಧತಿ ಇರುವವರೆಗೆ ವರ್ಷವಿಡೀ ಟ್ರಯೋವನ್ನೇ ನಂಬಿದವರ ಪಾಲಿಗೆ ಉಳಿಯುವ ಅವಕಾಶಗಳು ಕಡಿಮೆಯೇ. ಅದಕ್ಕಾಗಿಯೇ ಬಹುಪಾಲು ಟ್ರಯೋಗಳ ಬೆನ್ನಿಗೆ ಒಂದು ಪಾಠದ ಕೆಲಸ ಇರುತ್ತದೆ. ಪ್ರೆಸ್ಲರ್ ಟ್ರಯೋ ಆರಂಭವಾದ 1955ರಲ್ಲಿಯೇ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿ, ಟ್ರಯೋ ನಿಂತ ಮೇಲೂ ಮುಂದುವರಿಸಿದರು. 53 ವರ್ಷದ ಆ ಓಟಕ್ಕೆ ಈ ಕೆಲಸ ನೆಲದಂತಿತ್ತು ಎಂದೇ ನಾನು ತಿಳಿಯುತ್ತೇನೆ.

ಈಗ ಎರಡನೆಯ ಉತ್ತರದವರಿಗೆ ಒಂದು ಮಾತು. ನೀವು ಹೇಳಿದ ‘ಅದೇ ಮೂವರು’ ಎಂಬ ನಿಯಮಕ್ಕೆ ಇಟಲಿಯ ಟ್ರಯೋ ದಿ ಟ್ರಿಯೆಸ್ಟೆ ಹೊಂದುವುದಿಲ್ಲ. 1933ರಲ್ಲಿ ಮೂವರು ಹುಡುಗರು ಕಟ್ಟಿದ ಟ್ರಯೋ ಅದು. 1962ರಲ್ಲಿ ಚೆಲ್ಲೊ ವಾದಕ ಲಿಬೆರೊ ಲಾನಾ ಜಾಗಕ್ಕೆ ಅಮೆಡೆಯೊ ಬಾಲ್ಡೊವಿನೊ ಬಂದರು. ಆಮೇಲೆಯೂ ದಶಕಗಳ ಕಾಲ ನಡೆದು 1995ರಲ್ಲಿ ನಿಂತಿತು. ಸ್ವರಲಿಪಿ ಇಟ್ಟುಕೊಳ್ಳದೆ ನೆನಪಿನಿಂದ ನುಡಿಸುವುದಕ್ಕೆ ಹೆಸರಾದವರು ಅವರು. ನೆನಪಿನಿಂದ ನುಡಿಸುವ ಕೂಟಕ್ಕೆ ಹೊಸಬರೊಬ್ಬರು ಬಂದು ಹೊಂದಿಕೊಳ್ಳುವುದೆಂದರೆ ಎಷ್ಟು ದೊಡ್ಡ ಕೆಲಸವೆಂದು ಯೋಚಿಸಿ. ಅದನ್ನು ಬೇರೆ ಟ್ರಯೋ ಎಂದು ಯಾರೂ ಕರೆಯಲಿಲ್ಲ.

ಕೊನೆಯದಾಗಿ, ಪುಟ ತಿರುವುವವನಿಗೆ ಮಾತ್ರ ಕಾಣುವ ಒಂದು ಸಂಗತಿ. ವಯಲಿನ್ ಮತ್ತು ಚೆಲ್ಲೊ ವಾದಕರ ಮುಂದೆ ಅವರವರ ಪಾಲಿನ ಸ್ವರಗಳು ಮಾತ್ರ ಇರುತ್ತವೆ. ಪಿಯಾನೊ ವಾದಕರ ಪುಟದಲ್ಲಿ ಮೂರೂ ವಾದ್ಯಗಳ ಸಾಲುಗಳಿರುತ್ತವೆ. ಅವರಿಬ್ಬರೂ ಸಭೆಯ ಕಡೆ ಮುಖ ಮಾಡಿ ಕೂತಾಗ ಪಿಯಾನೊ ವಾದಕರು ಹಿಂದಿನಿಂದ ಅವರ ಭುಜ, ಮೊಣಕೈ, ಉಸಿರು ಎಲ್ಲವನ್ನೂ ನೋಡುತ್ತಿರುತ್ತಾರೆ. ಪೂರ್ತಿ ಕೃತಿ ಕಣ್ಣೆದುರು ಇರುವುದು ಅವರೊಬ್ಬರಿಗೇ. ಬೋಜಾರ್‌ನಲ್ಲಿ ಬದಲಾಗದೆ ಉಳಿದ ಕುರ್ಚಿ ಪಿಯಾನೊದ್ದೇ ಆಗಿತ್ತು ಎಂಬುದನ್ನು ನಾನು ಆಕಸ್ಮಿಕ ಎಂದು ಭಾವಿಸುವುದಿಲ್ಲ. ಪ್ರಶ್ನೆ ಕೇಳಿದವರೇ, ನಿಮ್ಮ ಕೂಟದಲ್ಲಿಯೂ ಮೂರು ಸಾಲುಗಳನ್ನು ಓದುತ್ತಿರುವವರು ನೀವೇ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಮನಃಪೂರ್ವಕ ಕೃತಜ್ಞತೆ. ನಿನ್ನೆ ಸಂಜೆ ನಾನೂ ಚೆಲ್ಲೊ ಗೆಳತಿಯೂ ಈ ಉತ್ತರಗಳನ್ನು ಜೋರಾಗಿ ಓದಿಕೊಂಡೆವು. ಅವಳು ಎರಡನೆಯ ಉತ್ತರದ ಕಡೆ, ನಾನು ಮೊದಲನೆಯದರ ಕಡೆ ವಾಲಿದೆವು. ಮಾತು ಮುಗಿಯದಿದ್ದಾಗ ಶೊಸ್ತಕೊವಿಚ್ ತೆಗೆದೆವು.

ಆ ಕೃತಿಯ ಆರಂಭ ನಿಮಗೆ ಗೊತ್ತಿರುತ್ತದೆ. 1944ರಲ್ಲಿ, ತೀರಿಕೊಂಡ ಗೆಳೆಯ ಸೊಲ್ಲೆರ್ತಿನ್ಸ್ಕಿಯ ನೆನಪಿಗೆ ಬರೆದದ್ದು. ಚೆಲ್ಲೊ ಒಂಟಿಯಾಗಿ, ತನ್ನ ಸಹಜ ಸ್ಥಾಯಿಗಿಂತ ಎಷ್ಟೋ ಮೇಲೆ, ತಂತಿಯನ್ನು ಬೆರಳಿನಿಂದ ಬರಿದೆ ಮುಟ್ಟಿ ಹೊರಡಿಸುವ ಸೀಟಿಯಂಥ ಸ್ವರಗಳಲ್ಲಿ ಶುರುಮಾಡುತ್ತದೆ. ಅದರ ಕೆಳಗೆ, ಹೌದು, ಚೆಲ್ಲೊಗಿಂತ ಕೆಳಗೆ, ವಯಲಿನ್ ಸೇರುತ್ತದೆ. ಅದಕ್ಕೂ ಕೆಳಗೆ, ಮಂದ್ರದಲ್ಲಿ, ಪಿಯಾನೊ. ಎಲ್ಲರೂ ತಮ್ಮ ತಮ್ಮ ಮನೆ ಬಿಟ್ಟು ಬೇರೆಯವರ ಮನೆಯಲ್ಲಿ ನಿಂತಿದ್ದಾರೆ. ನಿನ್ನೆ ವಯಲಿನ್ ಇರಲಿಲ್ಲ. ಅವಳು ಆರಂಭಿಸಿದಳು, ವಯಲಿನ್ ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ, ಆದರೂ ಇಬ್ಬರೂ ನಿಲ್ಲಿಸಲಿಲ್ಲ. ನಾನು ನನ್ನ ಜಾಗದಲ್ಲಿ ಸೇರಿಕೊಂಡೆ. ಆ ನಡುವಿನ ಸಾಲು ನನ್ನ ಪುಟದಲ್ಲಿತ್ತು, ಕಣ್ಣು ಅದನ್ನು ಓದುತ್ತಿತ್ತು, ಕಿವಿಯಲ್ಲಿ ಅವನ ನಾದವೇ ಕೇಳುತ್ತಿತ್ತು. ಮುಗಿದ ಮೇಲೆ ಗೆಳತಿ ಹೇಳಿದಳು: ಇಲ್ಲಿ ಬೇರೊಬ್ಬರ ನಾದ ಬಂದರೆ ನಾನು ನನ್ನ ಮೊದಲ ಸ್ವರವನ್ನೇ ಬೇರೆ ರೀತಿ ಹಿಡಿಯಬೇಕಾಗುತ್ತದೆ, ಅವರು ಬರುವ ಮೊದಲೇ. ಅದಕ್ಕೆ ಅವಳು ಸಿದ್ಧಳಿದ್ದಾಳೆ. ಹೆಸರಿನ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ, ಆದರೆ ಮುಂದುವರಿಯುವುದು ಇತ್ಯರ್ಥವಾಯಿತು.

ಮೊದಲು ಉತ್ತರಿಸಿದವರಲ್ಲಿ ಇನ್ನೊಂದು ವಿನಂತಿ. ಹೊಸ ವಯಲಿನ್ ವಾದಕರೊಂದಿಗೆ ಮೊದಲ ದಿನ ಯಾವ ಕೃತಿಯನ್ನು ತೆಗೆದುಕೊಳ್ಳಬೇಕು? ಬ್ರಾಮ್ಸ್ ಓಪಸ್ 8 ಎಂದುಕೊಂಡಿದ್ದೇವೆ, ಏಕೆಂದರೆ ಅದು ನಮ್ಮಿಬ್ಬರಿಗೆ ಅತ್ಯಂತ ಪ್ರಿಯವಾದದ್ದು.

ಮೊದಲು ಉತ್ತರಿಸಿದವರು

ಬ್ರಾಮ್ಸ್ ಬೇಡ. ನಿಮಗೆ ಪ್ರಿಯವಾದದ್ದು ಎಂಬುದೇ ಅದಕ್ಕೆ ಕಾರಣ. ಅದರ ಆರಂಭದಲ್ಲಿ ಪಿಯಾನೊ, ಆಮೇಲೆ ಚೆಲ್ಲೊ. ವಯಲಿನ್ ಬಹಳ ಹೊತ್ತು ಕಾದು ಕೂರಬೇಕು. ನಾಲ್ಕು ವರ್ಷ ಒಟ್ಟಿಗೆ ಇದ್ದ ನೀವಿಬ್ಬರು ನಿಮ್ಮ ಹಳೆಯ ಪ್ರೀತಿಯಿಂದ ಅದನ್ನು ನುಡಿಸುತ್ತೀರಿ, ಬಂದವರು ಅತಿಥಿಯಂತೆ ಬಾಗಿಲಲ್ಲಿ ನಿಂತಿರುತ್ತಾರೆ.

ಹೈಡನ್ ತೆಗೆದುಕೊಳ್ಳಿ. ಹೈಡನ್‌ನ ಟ್ರಯೋಗಳಲ್ಲಿ ಚೆಲ್ಲೊಗೆ ಕೆಲಸವಿಲ್ಲ, ಪಿಯಾನೊದ ಎಡಗೈಯನ್ನು ಹಿಂಬಾಲಿಸುವ ಪಕ್ಕವಾದ್ಯ ಅದು ಎಂದು ಜನ ಹೇಳುತ್ತಾರೆ. ಆ ಕಾಲದ ಪಿಯಾನೊದ ಮಂದ್ರ ಸ್ವರ ತೆಳುವಾಗಿ ಬೇಗ ಆರಿಹೋಗುತ್ತಿತ್ತು, ಅದಕ್ಕೆ ಮೈ ತುಂಬಲು ಚೆಲ್ಲೊ ಬೇಕಾಗಿತ್ತು ಎಂಬುದು ನಿಜ. ಹಾಗಿದ್ದೂ ಬೋಜಾರ್‌ನವರು ಆ ಟ್ರಯೋಗಳಲ್ಲಿ 43ನ್ನು ಮುದ್ರಿಸಿದರು, ಗ್ರಾಮಫೋನ್ ಪತ್ರಿಕೆಯ ಪ್ರಶಸ್ತಿಯೂ ಅದಕ್ಕೆ ಬಂತು. ಕಸಾಲ್ಸ್ ಶಿಷ್ಯರೊಬ್ಬರು ವರ್ಷಗಟ್ಟಲೆ ಪಿಯಾನೊದ ಎಡಗೈಯ ಸ್ವರಗಳನ್ನೇ ನುಡಿಸುತ್ತ ಕೂತದ್ದನ್ನು ಆ ಧ್ವನಿಮುದ್ರಿಕೆಗಳಲ್ಲಿ ಕೇಳಿ. ಪಿಯಾನೊದ ಸ್ವರ ಆರಿದ ಮೇಲೂ ಅದರ ಬಣ್ಣ ಉಳಿಯುತ್ತದಲ್ಲ, ಆ ಬಣ್ಣ ಗ್ರೀನ್‌ಹೌಸ್ ಅವರದು. ಟ್ರಯೋ ಎಂಬುದು ನನಗೆ ಅರ್ಥವಾದದ್ದು ಅಲ್ಲಿ.

ಜಿ ಮೇಜರ್‌ನ, ‘ಜಿಪ್ಸಿ’ ರೊಂಡೊ ಇರುವ ಟ್ರಯೋ ನಿಮಗೆ ಬರುತ್ತಿರಬೇಕು. ಕೊನೆಯ ಭಾಗದ ವೇಗಕ್ಕೆ ಹೋಗಬೇಡಿ. ಎರಡನೆಯ ಭಾಗ, ಆ ನಿಧಾನದ ಅಡಾಜಿಯೊ ತೆಗೆಯಿರಿ. ಅದರ ನಡುವೆ ವಯಲಿನ್‌ಗೆ ಒಂದು ಉದ್ದದ ಹಾಡು ಬರುತ್ತದೆ, ನೀವಿಬ್ಬರೂ ಹಿಂದೆ ಸರಿಯುತ್ತೀರಿ. ಹೊಸಬರು ಹೇಗೆ ಉಸಿರೆಳೆಯುತ್ತಾರೆ, ಎಲ್ಲಿ ಅವಸರಿಸುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಲ್ಲವೂ ಅಷ್ಟರಲ್ಲಿಯೇ ತಿಳಿದುಬಿಡುತ್ತದೆ. ಮೊದಲ ಸಲ ಏನೂ ಹೇಳದೆ ಹಿಂಬಾಲಿಸಿ.

ಶ್ರುತಿಯ ವಿಷಯ ಒಂದಿದೆ, ನಿಮ್ಮ ಚೆಲ್ಲೊ ಗೆಳತಿಗೆ ಗೊತ್ತಿದ್ದರೂ ಹೇಳುತ್ತೇನೆ. ಪಿಯಾನೊದ ಎ ಸ್ವರಕ್ಕೆ ಹೊಂದಿಸಿ, ಅಲ್ಲಿಂದ ಕೆಳಕ್ಕೆ ಶುದ್ಧ ಪಂಚಮಗಳಲ್ಲಿ ತಂತಿಗಳನ್ನು ಕೂಡಿಸುತ್ತ ಬಂದರೆ ಚೆಲ್ಲೊದ ಸಿ ತಂತಿ ಪಿಯಾನೊದ ಸಿ ಸ್ವರಕ್ಕಿಂತ ಅರ್ಧಸ್ವರದ ನೂರರಲ್ಲಿ ಸುಮಾರು ಆರು ಭಾಗದಷ್ಟು ಇಳಿದಿರುತ್ತದೆ. ಅದಕ್ಕೆ ಟ್ರಯೋದ ಚೆಲ್ಲೊ ವಾದಕರು ಸಿ ಮತ್ತು ಜಿ ತಂತಿಗಳನ್ನು ಒಂಚೂರು ಬಿಗಿ ಮಾಡಿಕೊಳ್ಳುತ್ತಾರೆ. ಹೊಸ ವಯಲಿನ್ ವಾದಕರು ಆರ್ಕೆಸ್ಟ್ರಾದಿಂದಲೋ ಕ್ವಾರ್ಟೆಟ್‌ನಿಂದಲೋ ಬಂದವರಾದರೆ ಅವರ ಕಿವಿ ಶುದ್ಧ ಪಂಚಮಕ್ಕೆ ಪಳಗಿರುತ್ತದೆ, ಅವರ ಜಿ ತಂತಿಯೂ ನಿಮ್ಮ ಗೆಳತಿಯ ಜಿ ತಂತಿಯೂ ಕೂಡುವುದಿಲ್ಲ. ಮೊದಲ ದಿನ ಅದನ್ನು ತಪ್ಪೆಂದು ಎತ್ತಿ ತೋರಿಸುವ ಬದಲು, ಮೂವರೂ ಖಾಲಿ ತಂತಿಗಳನ್ನು ಪಿಯಾನೊದ ಪಕ್ಕದಲ್ಲಿಟ್ಟು ಹತ್ತು ನಿಮಿಷ ಸುಮ್ಮನೆ ಕೇಳಿಕೊಳ್ಳಿ.

ಇನ್ನೊಂದು. ನಿಮ್ಮ ಹಳೆಯ ವಯಲಿನ್ ಪ್ರತಿಯನ್ನು ಅವರಿಗೆ ಕೊಡಬೇಡಿ. ಅದರಲ್ಲಿ ಹೋದವರು ಪೆನ್ಸಿಲಿನಿಂದ ಬರೆದ ಕಮಾನಿನ ಗುರುತು, ಬೆರಳಿನ ಅಂಕಿ, ಎಲ್ಲಿ ಉಸಿರು ಎಲ್ಲಿ ಕಣ್ಣು ಎಂಬುದೆಲ್ಲ ಇರುತ್ತದೆ. ನೆರಳಿನ ಮಾತು ಎತ್ತಿದ ಎರಡನೆಯ ಉತ್ತರದವರು ಈ ವಿಷಯದಲ್ಲಿ ನೂರಕ್ಕೆ ನೂರು ಸರಿ. ಗುರುತುಗಳಿಲ್ಲದ ಹೊಸ ಪ್ರತಿ ತಂದುಕೊಡಿ. ಸಾಧ್ಯವಾದರೆ ನಿಮ್ಮ ಪಿಯಾನೊ ಪ್ರತಿಯನ್ನೂ ಹೊಸದಾಗಿ ತೆಗೆದುಕೊಳ್ಳಿ. ವಯಲಿನ್ ಸಾಲಿನ ಮೇಲೆ ನೀವು ಅವನಿಗಾಗಿ ಹಾಕಿಕೊಂಡ ಗುರುತುಗಳು ಅದರಲ್ಲಿ ಬೇಕಾದಷ್ಟಿರುತ್ತವೆ.

ಪ್ರಶ್ನೆ ಕೇಳಿದವರು

ನೋಡಿದೆ. ಹೈಡನ್‌ನ ಆ ಅಡಾಜಿಯೊದ ಒಂದೇ ಪುಟದಲ್ಲಿ ಹನ್ನೊಂದು ಗುರುತುಗಳಿವೆ, ಎಲ್ಲವೂ ನನ್ನ ಕೈಬರಹದವೇ. ಒಂದು ಕಡೆ ‘ಇಲ್ಲಿ ಅವನಿಗಾಗಿ ಕಾಯಬೇಕು’ ಎಂದು ಬರೆದುಕೊಂಡಿದ್ದೇನೆ. ವಯಲಿನ್ ಪ್ರತಿಗಳನ್ನು ಅವನಿಗೇ ಕೊಟ್ಟುಬಿಡುತ್ತೇವೆ. ನನ್ನದನ್ನು ಕಪಾಟಿನಲ್ಲಿಟ್ಟು, ಮೂರಕ್ಕೂ ಹೊಸ ಪ್ರತಿ ತರಿಸಲು ಇವತ್ತೇ ಬರೆದಿದ್ದೇನೆ.